ದಾಬೋಲಿಂನಿಂದ ಗ್ಯಾಟ್ವಿಕ್‌ವರೆಗೆ: ದೂರ ಮತ್ತು ವೇಳೆಯ ಪಾಠ

(ಗೋವಾದ ಕನ್ನಡ ಶಾಲೆಗಳ ಗಣಿತ ಮತ್ತು ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಉಪನ್ಯಾಸ)



ವಾಸ್ಕೊ ನಗರದ ಸುತ್ತಮುತ್ತ ಕನ್ನಡ ಕಲಿಯುವ ಮಗುವಿಗೆ ವಿಮಾನ ಅಪರೂಪದ ವಸ್ತುವಲ್ಲ. ಬಾಯ್ನಾ, ಜುವಾರಿನಗರ, ಚಿಕಳಿಂಗಳ ಓಣಿಗಳಲ್ಲಿ ಆಡುವ ಮಕ್ಕಳು ದಿನಕ್ಕೆ ಹತ್ತಾರು ವಿಮಾನಗಳನ್ನು ನೋಡುತ್ತಾರೆ. ತರಗತಿಯ ನಡುವೆ ಸದ್ದು ಮೊಳಗಿದರೆ ಶಿಕ್ಷಕರು ಕ್ಷಣಕಾಲ ಮಾತು ನಿಲ್ಲಿಸುವುದೂ, ಸದ್ದು ಅಡಗಿದ ಮೇಲೆ ಪಾಠ ಮುಂದುವರಿಯುವುದೂ ಅಲ್ಲಿ ನಿತ್ಯದ ರೂಢಿ. ಆದರೆ ಆ ವಿಮಾನದೊಳಗೆ ಕುಳಿತ ಮಗು ಆ ತರಗತಿಯಲ್ಲಿ ಒಂದಾದರೂ ಇರುವುದು ವಿರಳ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಜಿಲ್ಲೆಗಳಿಂದ ಗೌಂಡಿ ಕೆಲಸಕ್ಕೆ, ಬಂದರಿನ ಕೂಲಿಗೆ, ಮೀನುಪೇಟೆಯ ದುಡಿಮೆಗೆ ಬಂದ ಕುಟುಂಬಗಳ ಮಕ್ಕಳು ಅವರು. ಅವರ ಪ್ರಯಾಣವೆಂದರೆ ಜಾತ್ರೆಗೋ ಮದುವೆಗೋ ಊರಿಗೆ ಹೋಗುವ ರೈಲು ಅಥವಾ ರಾತ್ರಿ ಬಸ್ಸು.

ತಲೆಯ ಮೇಲೆ ಹಾರುವ ವಸ್ತು ತನಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಇಂಥ ಮಗುವಿನಲ್ಲಿ ಬೇಗ ಬೇರೂರುತ್ತದೆ. 'ಘಾಟಿ' ಎಂಬ ಹಗುರ ಮಾತನ್ನು ಬೀದಿಯಲ್ಲಿ ಕೇಳುತ್ತ ಬೆಳೆಯುವ ಮಗುವಿಗೆ ಈ ಭಾವನೆ ವಿಮಾನಕ್ಕಷ್ಟೇ ನಿಲ್ಲುವುದಿಲ್ಲ. ಗೋಳ, ನಕ್ಷೆ, ಗಡಿಯಾರ, ಲೆಕ್ಕ ಎಲ್ಲವೂ ಬೇರೆಯವರ ಸೊತ್ತೆಂದು ಅದು ನಂಬತೊಡಗುತ್ತದೆ. ಟಿಕೆಟ್ ಕೊಳ್ಳಲು ಹಣ ಬೇಕು. ಆ ವಿಮಾನ ಎಷ್ಟು ದೂರ ಹೋಗುತ್ತದೆ, ಎಷ್ಟು ಹೊತ್ತು ಹಾರುತ್ತದೆ ಎಂದು ಲೆಕ್ಕ ಹಾಕಲು ಬೇಕಾದುದು ಒಂದು ದಾರ, ಒಂದು ಗೋಳ, ಸ್ವಲ್ಪ ಗುಣಾಕಾರ ಮತ್ತು ಸ್ವಂತ ಭಾಷೆ. ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರ ಮತ್ತು ಪ್ರಯಾಣದ ವೇಳೆ ಎಂಬ ಒಂದೇ ವಿಷಯದ ಮೂಲಕ ಗಣಿತ, ಭೂಗೋಳ, ಇತಿಹಾಸ ಮೂರನ್ನೂ ಹೇಗೆ ಕಲಿಸಬಹುದೆಂಬುದನ್ನು ಇಲ್ಲಿ ಹಂತಹಂತವಾಗಿ ನೋಡಬಹುದು.

೧. ದೂರವೆಂದರೆ ಯಾವ ದೂರ?

ಪಾಠವನ್ನು ಲಂಡನ್ನಿನಿಂದ ಆರಂಭಿಸಬಾರದು; ಮನೆಯ ಅಂಗಳದಿಂದ ಆರಂಭಿಸಬೇಕು. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ದಕ್ಷಿಣದಲ್ಲಿ ದಾಬೋಲಿಂ, ಉತ್ತರದ ಪೆರ್ನೆಂ ತಾಲ್ಲೂಕಿನಲ್ಲಿ ಮೋಪಾ. ಮೋಪಾದ ಮನೋಹರ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2022ರ ಡಿಸೆಂಬರ್ 11ರಂದು ಉದ್ಘಾಟನೆಗೊಂಡು, 2023ರ ಜನವರಿ 5ರಿಂದ ಪ್ರಯಾಣಿಕರ ವಿಮಾನಗಳನ್ನು ಸ್ವೀಕರಿಸುತ್ತಿದೆ. ಈ ಎರಡು ನಿಲ್ದಾಣಗಳ ನಡುವೆ ಎಷ್ಟು ದೂರ?

ಟ್ಯಾಕ್ಸಿ ಚಾಲಕನ ಮಗ ಇದಕ್ಕೆ ಅರವತ್ತು ಕಿಲೋಮೀಟರಿಗೆ ಮೇಲೆಂದು ಉತ್ತರ ಕೊಡುತ್ತಾನೆ. ಆ ಉತ್ತರ ಸರಿ. ರಸ್ತೆ ಜುವಾರಿ, ಮಾಂಡೋವಿ ಹೊಳೆಗಳ ಸೇತುವೆಗಳನ್ನು ಹುಡುಕಿಕೊಂಡು, ಪಣಜಿ ಮಾಪುಸಾಗಳನ್ನು ಬಳಸಿ, ಕೋಲ್ವಾಳದಲ್ಲಿ ಶಾಪೋರಾ ನದಿಯನ್ನು ದಾಟಿ ಹೋಗಬೇಕು. ಹಕ್ಕಿಗೆ ಸೇತುವೆ ಬೇಕಿಲ್ಲ. ದಾಬೋಲಿಂ ಸುಮಾರು 15 ಅಂಶ 23 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ. ಮೋಪಾ ಸುಮಾರು 15 ಅಂಶ 44 ನಿಮಿಷದಲ್ಲಿದೆ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಆದ್ದರಿಂದ ಅವುಗಳ ಅಂತರ ಅಕ್ಷಾಂಶದ 21 ನಿಮಿಷಗಳಷ್ಟೇ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. 21ನ್ನು 1.852ರಿಂದ ಗುಣಿಸಿದರೆ ಸುಮಾರು 39 ಕಿಲೋಮೀಟರ್ ಬರುತ್ತದೆ. ನಾವಿಕರೂ ವಿಮಾನ ಚಾಲಕರೂ ಇಂದಿಗೂ ನಾಟಿಕಲ್ ಮೈಲಿಯನ್ನೇ ಬಳಸುವುದೇಕೆಂಬುದು ಈ ಒಂದು ಗುಣಾಕಾರದಿಂದಲೇ ಮಗುವಿಗೆ ತಿಳಿಯುತ್ತದೆ: ಅದು ಭೂಮಿಯ ಅಳತೆಯಿಂದಲೇ ಹುಟ್ಟಿದ ಮೈಲಿ.

ಎರಡನೆಯ ಉದಾಹರಣೆಯನ್ನು ಮಕ್ಕಳ ಸ್ವಂತ ಪ್ರಯಾಣದಿಂದ ತೆಗೆದುಕೊಳ್ಳಬಹುದು. ವಾಸ್ಕೊದಿಂದ ಹುಬ್ಬಳ್ಳಿಗೆ ಹಕ್ಕಿಯ ಹಾದಿಯಲ್ಲಿ ಸುಮಾರು 145 ಕಿಲೋಮೀಟರ್ ಮಾತ್ರ. ಆದರೆ ರೈಲಿಗೆ ಐದಾರು ಗಂಟೆ ಬೇಕು. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಬ್ರಗಾಂಝಾ ಘಾಟಿಯಲ್ಲಿ ಹಳಿ 37 ಅಡಿಗೆ ಒಂದು ಅಡಿಯಂತೆ ಏರುತ್ತದೆ. ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಿ, ಸುರಂಗಗಳನ್ನು ನುಸುಳಿ, ದೂಧಸಾಗರದ ಎದುರು ನಿಧಾನವಾಗಿ ಗಾಡಿ ಮೇಲೇರುತ್ತದೆ. ಈ ಅನುಭವ ತರಗತಿಯ ಬಹುಪಾಲು ಮಕ್ಕಳಿಗಿದೆ. ದೂರ, ದಾರಿ, ವೇಳೆ ಇವು ಮೂರೂ ಬೇರೆ ಬೇರೆ ಎಂಬ ತಿಳಿವಳಿಕೆ ಅವರಲ್ಲಿ ಆಗಲೇ ಇದೆ. ಶಿಕ್ಷಕರು ಅದಕ್ಕೆ ಹೆಸರು ಕೊಟ್ಟರೆ ಸಾಕು.

೨. ಗೋಳ ಮತ್ತು ದಾರ

ಇನ್ನು ದೂರದ ಪ್ರಯಾಣಕ್ಕೆ ಹೋಗಬಹುದು. ಗೋವಾ ಮತ್ತು ಬ್ರಿಟನ್ನಿನ ನಡುವೆ ಪ್ರವಾಸಿಗರ ವಿಮಾನಗಳು ಬಹುಕಾಲದಿಂದ ಓಡಾಡಿವೆ. 2023ರಲ್ಲಿ ಏರ್ ಇಂಡಿಯಾ ಸಂಸ್ಥೆ ಗೋವಾದಿಂದ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣಕ್ಕೆ ನೇರ ವಿಮಾನವನ್ನು ನಡೆಸಿತು. ವೇಳಾಪಟ್ಟಿಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಿಲ್ದಾಣಗಳ ನಡುವಿನ ಅಂತರ ಬದಲಾಗುವುದಿಲ್ಲ. ಆದ್ದರಿಂದ ಪಾಠಕ್ಕೆ ಅಂತರವೇ ಭದ್ರವಾದ ನೆಲೆ.

ತರಗತಿಯ ಗೋಡೆಯ ಮೇಲಿನ ಜಗತ್ತಿನ ನಕ್ಷೆಯಲ್ಲಿ ಗೋವಾ ಮತ್ತು ಲಂಡನ್‌ಗಳ ನಡುವೆ ಅಳತೆಪಟ್ಟಿಯಿಟ್ಟು ಗೆರೆ ಎಳೆಯಲು ಮಕ್ಕಳಿಗೆ ಹೇಳಬೇಕು. ಆ ಗೆರೆಯ ನಡುಬಿಂದು ಸಿರಿಯ ದೇಶದ ಸುತ್ತಮುತ್ತ ಬೀಳುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಅನಂತರ ಗೋಳವನ್ನು ಮೇಜಿನ ಮೇಲಿಟ್ಟು, ಹೊಲಿಗೆ ದಾರದ ಒಂದು ತುದಿಯನ್ನು ಗೋವಾದ ಮೇಲೂ ಇನ್ನೊಂದು ತುದಿಯನ್ನು ಲಂಡನ್ನಿನ ಮೇಲೂ ಒತ್ತಿ ಹಿಡಿದು ಬಿಗಿಯಾಗಿ ಎಳೆಯಬೇಕು. ಬಿಗಿದ ದಾರ ಅರಬ್ಬೀ ಸಮುದ್ರವನ್ನು ಓರೆಯಾಗಿ ದಾಟಿ, ಪಾಕಿಸ್ತಾನದ ಮಕ್ರಾನ್ ಕರಾವಳಿಯನ್ನು ಮುಟ್ಟಿ, ಇರಾನಿನ ಮೇಲೆ ಹಾಯುತ್ತದೆ. ಅದರ ನಡುಬಿಂದು ಸಿರಿಯದಲ್ಲಿಲ್ಲ. ಇರಾನಿನ ವಾಯವ್ಯ ಮೂಲೆಯಲ್ಲಿ, ಅರ್ಮೇನಿಯದ ಗಡಿಯ ಅರಸ್ ನದಿಯ ಆಸುಪಾಸಿನಲ್ಲಿದೆ. ನಕ್ಷೆಯ ಸರಳ ರೇಖೆಗಿಂತ ದಾರ ನೂರಾರು ಕಿಲೋಮೀಟರ್ ಉತ್ತರಕ್ಕೆ ಬಾಗಿದೆ.

ಇಲ್ಲಿ ಒಂದು ಮಗುವಾದರೂ ಕೇಳುತ್ತದೆ: "ಬಾಗಿದ ದಾರಿ ಹತ್ತಿರ ಹೇಗಾಗುತ್ತದೆ?" ಇದು ಇಡೀ ಪಾಠದ ಅಮೂಲ್ಯ ಪ್ರಶ್ನೆ. ಉತ್ತರವನ್ನು ಹೇಳಿಬಿಡದೆ, ಅದೇ ದಾರವನ್ನು ಸಿರಿಯದ ಮೇಲಿಂದ ಹಾಯಿಸಿ ನೋಡಲು ಆ ಮಗುವಿಗೇ ಹೇಳಬೇಕು. ದಾರ ಸಾಲದೆ ಬರುತ್ತದೆ. ಬಾಗಿದ್ದು ದಾರಿಯಲ್ಲ, ನಕ್ಷೆ ಎಂಬುದು ಆಗ ಕೈಗೇ ತಿಳಿಯುತ್ತದೆ. ಗೋಳದ ಮೇಲ್ಮೈಯನ್ನು ಹಾಳೆಯ ಮೇಲೆ ಚಪ್ಪಟೆಯಾಗಿ ಹರಡಿದರೆ ಎಲ್ಲಿಯೋ ಒಂದೆಡೆ ಎಳೆತ ಬಂದೇ ಬರುತ್ತದೆ. ಬಿಗಿದ ದಾರ ತೋರಿಸುವ ಹಾದಿಗೆ ಮಹಾವೃತ್ತದ ಹಾದಿ ಎಂದು ಹೆಸರು. ಭೂಮಿಯನ್ನು ಸರಿಯಾಗಿ ಎರಡು ಹೋಳಾಗಿ ಸೀಳುವ ವೃತ್ತವೇ ಮಹಾವೃತ್ತ. ಸಮಭಾಜಕ ವೃತ್ತ ಅದಕ್ಕೆ ಎಲ್ಲರೂ ಬಲ್ಲ ಉದಾಹರಣೆ.

ದಾರದಿಂದ ಕಿಲೋಮೀಟರಿಗೆ ಬರುವುದು ತ್ರೈರಾಶಿಯ ಲೆಕ್ಕ. ಗೋಳದ ವ್ಯಾಸ 30 ಸೆಂಟಿಮೀಟರ್ ಇದ್ದರೆ, ಭೂಮಿಯ ವ್ಯಾಸ ಸುಮಾರು 12,742 ಕಿಲೋಮೀಟರ್ ಆಗಿರುವುದರಿಂದ, ಗೋಳದ ಒಂದು ಸೆಂಟಿಮೀಟರ್ ಸುಮಾರು 425 ಕಿಲೋಮೀಟರಿಗೆ ಸಮ. ದಾಬೋಲಿಂನಿಂದ ಗ್ಯಾಟ್ವಿಕ್‌ಗೆ ದಾರ 17.8 ಸೆಂಟಿಮೀಟರ್ ಬರಬೇಕು, ಗುಣಿಸಿದರೆ 7,565. ನಿಖರ ಗಣನೆ ಕೊಡುವ ಅಂತರ ಸುಮಾರು 7,570 ಕಿಲೋಮೀಟರ್. ಮಕ್ಕಳ ಅಳತೆ ಅರ್ಧ ಸೆಂಟಿಮೀಟರ್ ತಪ್ಪಿದರೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಅದನ್ನು ತಪ್ಪೆಂದು ಹೊಡೆಯದೆ, ಐದು ಗುಂಪುಗಳ ಅಳತೆಗಳ ಸರಾಸರಿ ತೆಗೆಯಿಸಿದರೆ ಸರಾಸರಿಯ ಉಪಯೋಗವೂ ಜೊತೆಯಲ್ಲೇ ತಿಳಿಯುತ್ತದೆ.

ಮೇಲಿನ ತರಗತಿಯವರಿಗೆ ಕರ್ನಾಟಕದ ರಾಜಧಾನಿಯಿಂದಲೇ ಇನ್ನೂ ಬೆರಗಿನ ಉದಾಹರಣೆಯೊಂದಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನವನ್ನು ಆರಂಭಿಸಿತು. ಮೊದಲ ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳೆಯರ ತಂಡ. ಅದು ಉತ್ತರ ಧ್ರುವದ ಮೇಲಿನಿಂದ ಹಾದುಬಂದಿತು. ಎರಡು ನಿಲ್ದಾಣಗಳ ಕನಿಷ್ಠ ಅಂತರ 13,993 ಕಿಲೋಮೀಟರ್. ಧ್ರುವದ ಮೇಲೆ ಹಾದರೆ ಎಷ್ಟಾಗುತ್ತದೆ? ಇದನ್ನು ಕೂಡುವುದರಿಂದಲೂ ಕಳೆಯುವುದರಿಂದಲೂ ಕಂಡುಹಿಡಿಯಬಹುದು. ಬೆಂಗಳೂರು ನಿಲ್ದಾಣ 13.2 ಅಂಶ ಉತ್ತರದಲ್ಲಿದೆ. ಅಲ್ಲಿಂದ ಧ್ರುವಕ್ಕೆ 76.8 ಅಂಶ. ಸ್ಯಾನ್ ಫ್ರಾನ್ಸಿಸ್ಕೊ 37.6 ಅಂಶ ಉತ್ತರದಲ್ಲಿದೆ. ಧ್ರುವದಿಂದ ಅಲ್ಲಿಗೆ 52.4 ಅಂಶ. ಒಟ್ಟು 129.2 ಅಂಶ. ಅಕ್ಷಾಂಶದ ಒಂದು ಅಂಶಕ್ಕೆ ಸುಮಾರು 111.2 ಕಿಲೋಮೀಟರಿನಂತೆ ಸುಮಾರು 14,370 ಕಿಲೋಮೀಟರ್. ಅತಿ ಹತ್ತಿರದ ಹಾದಿಗಿಂತ ನಾನೂರು ಕಿಲೋಮೀಟರಿನಷ್ಟೂ ಹೆಚ್ಚಲ್ಲ. ಚಪ್ಪಟೆ ನಕ್ಷೆಯಲ್ಲಿ ಹುಚ್ಚು ಬಳಸುದಾರಿಯಂತೆ ಕಾಣುವುದು ಗೋಳದ ಮೇಲೆ ಹೆಚ್ಚುಕಡಿಮೆ ನೇರದಾರಿ.

೩. ದಾರ ಹೇಳದ ಸಂಗತಿಗಳು

ದಾರಕ್ಕೆ ದೇಶದ ಗಡಿಗಳು ಕಾಣುವುದಿಲ್ಲ, ವಿಮಾನಕ್ಕೆ ಕಾಣುತ್ತವೆ. ನೆಲದ ಮೇಲಿನ ಆಕಾಶವೂ ಆ ದೇಶದ ಅಧೀನದಲ್ಲಿರುತ್ತದೆ. ಅಲ್ಲಿ ಹಾರಲು ಅನುಮತಿ ಬೇಕು. ಇದನ್ನು ತಿಳಿಸಲು ಗೋವಾದ ಚರಿತ್ರೆಗಿಂತ ಉತ್ತಮ ಉದಾಹರಣೆ ಬೇಕಾಗಿಲ್ಲ.

ದಾಬೋಲಿಂ ನಿಲ್ದಾಣ ಪೋರ್ಚುಗೀಸರ ಆಳ್ವಿಕೆಯಲ್ಲಿ, 1955ರಲ್ಲಿ ಆರಂಭವಾಯಿತು. ಆ ಹೊತ್ತಿಗೆ ಭಾರತ ಸರ್ಕಾರ ಗೋವಾದ ಸುತ್ತ ಆರ್ಥಿಕ ದಿಗ್ಬಂಧನ ಹಾಕಿತ್ತು. ರೈಲು ಮತ್ತು ರಸ್ತೆಯ ಸಂಪರ್ಕಗಳು ಕಡಿದಿದ್ದವು. ಗೋವಾದ ಆಡಳಿತ ಟ್ರಾನ್ಸ್‌ಪೋರ್ಟೆಸ್ ಆಯೆರಿಯೊಸ್ ದ ಇಂಡಿಯಾ ಪೋರ್ಚುಗೆಜಾ ಎಂಬ ಸ್ವಂತ ವಿಮಾನ ಸಂಸ್ಥೆಯನ್ನು ಕಟ್ಟಿ, ದಮನ್, ದಿಯು, ಕರಾಚಿಗಳಿಗೆ ವಿಮಾನ ನಡೆಸಿತು. ಭಾರತದ ನೆಲದ ಮೇಲೆ ಹಾರುವಂತಿರಲಿಲ್ಲ. ಸಮುದ್ರದ ಮೇಲಿನ ಹಾದಿಯೇ ಗತಿ. ದಾಬೋಲಿಂನಿಂದ ಕರಾಚಿಗೆ ಸುಮಾರು 1,270 ಕಿಲೋಮೀಟರ್; ನೂರೈವತ್ತು ಕಿಲೋಮೀಟರೂ ಇಲ್ಲದ ಹುಬ್ಬಳ್ಳಿಗಿಂತ ಅಂದಿನ ಗೋವಾದವರಿಗೆ ಕರಾಚಿಯೇ ಸಮೀಪವಾಗಿತ್ತು ಎಂದರೆ ರಾಜಕೀಯ ದೂರವನ್ನು ಹೇಗೆ ಬದಲಿಸುತ್ತದೆಂಬುದು ಮಕ್ಕಳಿಗೆ ಅರ್ಥವಾದೀತು. 1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆ ದಾಬೋಲಿಂನ ರನ್‌ವೇಯ ಮೇಲೆ ಬಾಂಬ್ ಹಾಕಿತು; ಮರುದಿನ ಗೋವಾ ವಿಮೋಚನೆಗೊಂಡಿತು. ಅದೇ ನೆಲ ಇಂದು ನೌಕಾಪಡೆಯ ನೆಲೆಯೂ ಹೌದು, ನಾಗರಿಕ ನಿಲ್ದಾಣವೂ ಹೌದು.

ಇದು ಹಳೆಯ ಕಥೆಯಾಗಿ ಉಳಿದಿಲ್ಲ. 2019ರ ಫೆಬ್ರವರಿ ಕೊನೆಯಿಂದ ಜುಲೈ ನಡುವಿನವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿದ್ದಾಗ ಪಶ್ಚಿಮಕ್ಕೆ ಹೋಗುವ ಭಾರತದ ವಿಮಾನಗಳು ದಕ್ಷಿಣಕ್ಕೆ ಬಳಸಿ ಹಾರಬೇಕಾಯಿತು. 2025ರ ಏಪ್ರಿಲ್ 24ರಂದು ಆ ಆಕಾಶ ಭಾರತೀಯ ವಿಮಾನಗಳಿಗೆ ಮತ್ತೆ ಮುಚ್ಚಿತು. 2022ರ ಫೆಬ್ರವರಿಯಲ್ಲಿ ಯುದ್ಧ ಆರಂಭವಾದಂದಿನಿಂದ ಉಕ್ರೇನಿನ ಮೇಲೆ ನಾಗರಿಕ ವಿಮಾನಗಳು ಹಾರುತ್ತಿಲ್ಲ. ಆದ್ದರಿಂದ ಗೋವಾ–ಲಂಡನ್ ಹಾದಿಯನ್ನು ಬರೆಯಲು ಹೇಳುವಾಗ ಮಕ್ಕಳಿಗೆ ಎರಡು ಬಣ್ಣದ ದಾರ ಕೊಡಬೇಕು: ಒಂದು ಅತಿ ಹತ್ತಿರದ ಹಾದಿಗೆ, ಇನ್ನೊಂದು ಮುಚ್ಚಿದ ಆಕಾಶಗಳನ್ನು ತಪ್ಪಿಸಿ ಒಮಾನ್, ಸೌದಿ ಅರೇಬಿಯಗಳ ಮೇಲೆ ಹಾಯುವ ಹಾದಿಗೆ. ಎರಡರ ಉದ್ದದ ವ್ಯತ್ಯಾಸವೇ ಜಗಳದ ಬೆಲೆ. ಆ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯನ್ನು ಸಮಾಜ ವಿಜ್ಞಾನದ ಅವಧಿಗೆ ಉಳಿಸಿಕೊಳ್ಳಬಹುದು.

೪. ಸರಾಸರಿ ವೇಗ ಮತ್ತು ಗಾಳಿ

ದೂರ ಸಿಕ್ಕಿತು, ಇನ್ನು ವೇಳೆ. ದೊಡ್ಡ ವಿಮಾನವೊಂದು ಎತ್ತರದಲ್ಲಿ ಗಂಟೆಗೆ 800ರಿಂದ 900 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ದಾಬೋಲಿಂನಿಂದ ಬೆಂಗಳೂರಿಗೆ ಸುಮಾರು 480 ಕಿಲೋಮೀಟರ್. ಭಾಗಿಸಿದರೆ 36 ನಿಮಿಷದೊಳಗೆ ತಲುಪಬೇಕು. ಆದರೆ ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆಯ ಆಸುಪಾಸು ಇರುತ್ತದೆ. ಉಳಿದ ವೇಳೆ ಎಲ್ಲಿ ಹೋಯಿತು?

ಮಕ್ಕಳಿಂದಲೇ ಉತ್ತರ ಹೊರಡಿಸಬಹುದು. ಬಸ್ಸು ನಿಲ್ದಾಣದಿಂದ ಹಿಂದೆ ಸರಿದು, ಪೇಟೆಯ ಸಂದಣಿ ದಾಟಿ, ಹೆದ್ದಾರಿ ಹಿಡಿಯುವವರೆಗೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ ಸಾಕು. ವಿಮಾನವೂ ನಿಂತ ಜಾಗದಿಂದ ರನ್‌ವೇಯ ತುದಿಯವರೆಗೆ ನೆಲದ ಮೇಲೆ ತೆವಳಬೇಕು, ಸರದಿಗೆ ಕಾಯಬೇಕು, ಹತ್ತು ಕಿಲೋಮೀಟರ್ ಎತ್ತರಕ್ಕೆ ಏರಬೇಕು, ಮತ್ತೆ ಇಳಿಯಬೇಕು. ವೇಳಾಪಟ್ಟಿ ಕೊಡುವುದು ಈ ಎಲ್ಲವನ್ನೂ ಸೇರಿಸಿದ ವೇಳೆಯನ್ನು. ಒಂದೂಕಾಲು ಗಂಟೆಗೆ 480 ಕಿಲೋಮೀಟರೆಂದರೆ ಸರಾಸರಿ ವೇಗ ಗಂಟೆಗೆ 384 ಕಿಲೋಮೀಟರ್ ಮಾತ್ರ. ಗೋವಾ–ಲಂಡನ್ ಪ್ರಯಾಣವನ್ನು ಹತ್ತೂವರೆ ಗಂಟೆಯೆಂದು ಹಿಡಿದರೆ ಸರಾಸರಿ ವೇಗ ಸುಮಾರು 720. ದೂರ ಹೆಚ್ಚಿದಂತೆ, ಏರಿಳಿಯುವ ಹೊತ್ತು ಒಟ್ಟು ವೇಳೆಯಲ್ಲಿ ಸಣ್ಣ ಪಾಲಾಗುತ್ತದೆ. ತರಗತಿಯ ಅಂದಾಜಿಗೆ ಸುಲಭವಾದ ಒಂದು ನಿಯಮ ಸಾಕು: ದೂರವನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ ಅರ್ಧ ಗಂಟೆ ಕೂಡಿಸುವುದು. ಬೆಂಗಳೂರಿಗೆ ಇದು ಒಂದು ಗಂಟೆ ಆರು ನಿಮಿಷವನ್ನೂ, ಲಂಡನ್ನಿಗೆ ಸುಮಾರು ಹತ್ತು ಗಂಟೆಯನ್ನೂ ಕೊಡುತ್ತದೆ. ಅಂದಾಜು ನಿಜಕ್ಕೆ ಎಷ್ಟು ಹತ್ತಿರ ಬಂತು, ಎಲ್ಲಿ ತಪ್ಪಿತು ಎಂದು ಚರ್ಚಿಸುವುದೇ ಪಾಠ.

ಗಾಳಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಮೇಲಿನ ವಾಯುಮಂಡಲದಲ್ಲಿ ಸಮಶೀತೋಷ್ಣ ವಲಯದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಪ್ರವಾಹ ಬೀಸುತ್ತದೆ. ಗೋವಾದಿಂದ ಲಂಡನ್ನಿಗೆ ಹೋಗುವಾಗ ಅದು ಎದುರುಗಾಳಿ; ಬರುವಾಗ ಬೆನ್ನಹಿಂದಿನ ಗಾಳಿ. ವಿಮಾನದ ವೇಗ 850, ಗಾಳಿಯ ಸರಾಸರಿ ವೇಗ 60 ಎಂದು ಭಾವಿಸಿದರೆ ಹೋಗುವಾಗ 790, ಬರುವಾಗ 910. 7,570ನ್ನು ಇವೆರಡರಿಂದ ಭಾಗಿಸಿದರೆ ಸುಮಾರು 9 ಗಂಟೆ 35 ನಿಮಿಷ ಮತ್ತು 8 ಗಂಟೆ 19 ನಿಮಿಷ. ಒಂದೇ ದೂರ, ಒಂದೇ ವಿಮಾನ. ವ್ಯತ್ಯಾಸ ಒಂದೂಕಾಲು ಗಂಟೆ. ಹೊಳೆಯಲ್ಲಿ ದೋಣಿ ನಡೆಸುವವರ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಪಠ್ಯಪುಸ್ತಕದ 'ಪ್ರವಾಹ ಮತ್ತು ದೋಣಿ'ಯ ಲೆಕ್ಕ ಆಕಾಶದಲ್ಲಿಯೂ ಸಲ್ಲುತ್ತದೆಂದು ತೋರಿಸಿದರೆ ಸಾಕು.

೫. ಎರಡು ಗಡಿಯಾರಗಳು

ಮಕ್ಕಳು ಹೆಚ್ಚಾಗಿ ಎಡವುವ ಜಾಗ ಇದು. ಹೀಗೊಂದು ಲೆಕ್ಕ ಕೊಡಬಹುದು. ವೇಳೆಗಳು ಪಾಠಕ್ಕಾಗಿ ಊಹಿಸಿದವು. ಚಳಿಗಾಲದ ಒಂದು ದಿನ ಗೋವಾದಿಂದ ಮಧ್ಯಾಹ್ನ 1 ಗಂಟೆಗೆ ಹೊರಟ ವಿಮಾನ ಲಂಡನ್ನಿಗೆ ಅಲ್ಲಿನ ಸಂಜೆ 6 ಗಂಟೆಗೆ ತಲುಪಿತು. ಪ್ರಯಾಣದ ವೇಳೆ ಎಷ್ಟು?

ತರಗತಿಯ ಬಹುಪಾಲು ಮಕ್ಕಳು ಐದು ಗಂಟೆಯೆನ್ನುತ್ತಾರೆ. ಶಿಕ್ಷಕರು ಇಲ್ಲಿ ಕೆಂಪು ಶಾಯಿಯನ್ನು ಬಳಸಬಾರದು. ಮುಂದಿನ ಪ್ರಶ್ನೆಯನ್ನು ಕೇಳಬೇಕು: ಹಾಗಾದರೆ ವಿಮಾನದ ವೇಗವೆಷ್ಟು? 7,570ನ್ನು 5ರಿಂದ ಭಾಗಿಸಿದರೆ ಗಂಟೆಗೆ 1,514 ಕಿಲೋಮೀಟರ್. ಆ ಎತ್ತರದಲ್ಲಿ ಶಬ್ದದ ವೇಗವೇ ಗಂಟೆಗೆ ಸುಮಾರು 1,060 ಕಿಲೋಮೀಟರ್. ಪ್ರಯಾಣಿಕರ ಸಾಮಾನ್ಯ ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರುವುದಿಲ್ಲ. ಉತ್ತರ ತಪ್ಪೆಂದು ಶಿಕ್ಷಕರು ಹೇಳುವ ಮೊದಲೇ ಲೆಕ್ಕವೇ ಹೇಳಿತು. ತನ್ನ ಉತ್ತರವನ್ನು ತಾನೇ ಪರೀಕ್ಷಿಸಿಕೊಳ್ಳುವ ಈ ಅಭ್ಯಾಸ ಮಗುವಿಗೆ ದಕ್ಕಿದರೆ, ಉಳಿದ ಪಾಠವೆಲ್ಲ ಮರೆತರೂ ನಷ್ಟವಿಲ್ಲ.

ಕಾರಣವನ್ನು ಶಾಲೆಯ ಅಂಗಳದಲ್ಲಿಯೇ ತೋರಿಸಬಹುದು. ನೇರವಾದ ಕೋಲೊಂದನ್ನು ನೆಲದಲ್ಲಿ ನೆಟ್ಟು, ಹನ್ನೆರಡು ಗಂಟೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಬೇಕು. ನೆರಳು ಅತಿ ಮೊಟಕಾಗುವ ಕ್ಷಣವೇ ಆ ಊರಿನ ನಿಜವಾದ ನಡುಹಗಲು. ಗೋವಾದಲ್ಲಿ ಅದು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ವರ್ಷದ ಸರಾಸರಿಯಲ್ಲಿ 12 ಗಂಟೆ 34 ನಿಮಿಷಕ್ಕೆ ಬರುತ್ತದೆ. ಫೆಬ್ರವರಿಯಲ್ಲಿ ಮುಕ್ಕಾಲು ಗಂಟೆಯಷ್ಟು ತಡವಾಗಿ, ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 18 ನಿಮಿಷದ ಸುಮಾರಿಗೆ. ಭಾರತದ ಗಡಿಯಾರ ಮಿರ್ಜಾಪುರದ ಬಳಿ ಹಾಯುವ 82½ ಅಂಶ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಗೋವಾ ಇರುವುದು 74 ಅಂಶದ ಬಳಿ. ಭೂಮಿ ಒಂದು ಅಂಶ ತಿರುಗಲು 4 ನಿಮಿಷ ಬೇಕು. ಎಂಟೂವರೆ ಅಂಶಕ್ಕೆ 34 ನಿಮಿಷ. ಕೋಲಿನ ನೆರಳು ಕೊಟ್ಟ ಉತ್ತರವೂ ರೇಖಾಂಶ ಕೊಟ್ಟ ಉತ್ತರವೂ ಒಂದೇ ಎಂಬುದನ್ನು ಕಂಡ ಮಗು ರೇಖಾಂಶವನ್ನು ಮತ್ತೆ ಮರೆಯುವುದಿಲ್ಲ.

ಅದೇ ಲೆಕ್ಕವನ್ನು ಲಂಡನ್ನಿಗೆ ಒಯ್ದರೆ 74 ಅಂಶಕ್ಕೆ 296 ನಿಮಿಷ, ಅಂದರೆ 4 ಗಂಟೆ 56 ನಿಮಿಷ. ಇದು ಸೂರ್ಯ ಹೇಳುವ ವ್ಯತ್ಯಾಸ. ಕಾನೂನು ಹೇಳುವ ವ್ಯತ್ಯಾಸ ಐದೂವರೆ ಗಂಟೆ. ನಡುವಿನ 34 ನಿಮಿಷ ಎಲ್ಲಿಂದ ಬಂತೆಂದು ಕೋಲು ನೆಟ್ಟ ಮಕ್ಕಳು ತಾವೇ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ನಾಲ್ಕೂವರೆ ಗಂಟೆಗೆ ಇಳಿಯುತ್ತದೆ.

ಈಗ ಮೊದಲ ಲೆಕ್ಕಕ್ಕೆ ಮರಳಬಹುದು. ಲಂಡನ್ನಿನ ಸಂಜೆ 6 ಗಂಟೆಯೆಂದರೆ ಗೋವಾದ ರಾತ್ರಿ 11:30. ಮಧ್ಯಾಹ್ನ 1ರಿಂದ ರಾತ್ರಿ 11:30ಕ್ಕೆ ಹತ್ತೂವರೆ ಗಂಟೆ. ನಿಯಮ ಇಷ್ಟೇ: ಹೊರಟ ವೇಳೆಯನ್ನೂ ತಲುಪಿದ ವೇಳೆಯನ್ನೂ ಒಂದೇ ಊರಿನ ಗಡಿಯಾರಕ್ಕೆ ತಂದ ಮೇಲೆಯೇ ಕಳೆಯಬೇಕು. ಮರಳುವ ವಿಮಾನ ಲಂಡನ್ನಿನ ರಾತ್ರಿ 8ಕ್ಕೆ ಹೊರಟು ಗೋವಾದ ಮರುದಿನ ಬೆಳಿಗ್ಗೆ 11ಕ್ಕೆ ತಲುಪಿದರೆ, ಗಡಿಯಾರದ ಅಂತರ 15 ಗಂಟೆ. ನಿಜವಾದ ಪ್ರಯಾಣ ಒಂಬತ್ತೂವರೆ ಗಂಟೆ. ಇಲ್ಲೊಂದು ಚೆಲುವಾದ ಸಂಗತಿಯಿದೆ. ಹೋಗುವಾಗಿನ 5 ಗಂಟೆಯನ್ನೂ ಬರುವಾಗಿನ 15 ಗಂಟೆಯನ್ನೂ ಕೂಡಿದರೆ 20. ನಿಜವಾದ ಹತ್ತೂವರೆಯನ್ನೂ ಒಂಬತ್ತೂವರೆಯನ್ನೂ ಕೂಡಿದರೂ 20. ಹೋಗುವಾಗ ಗಡಿಯಾರ ಕದ್ದುದನ್ನು ಬರುವಾಗ ಹಿಂದಿರುಗಿಸುತ್ತದೆ. ಕಾಲವ್ಯತ್ಯಾಸ ತಿಳಿಯದವರೂ ಎರಡೂ ಪ್ರಯಾಣಗಳ ಗಡಿಯಾರದ ಅಂತರಗಳನ್ನು ಕೂಡಿ ಅರ್ಧ ಮಾಡಿದರೆ ಸರಾಸರಿ ಪ್ರಯಾಣದ ವೇಳೆ ಸಿಗುತ್ತದೆ.

ಬೆಂಗಳೂರಿನ ವಿಮಾನ ಇದೇ ಪಾಠವನ್ನು ತಾರೀಖಿಗೆ ವಿಸ್ತರಿಸುತ್ತದೆ. ಪ್ರಕಟವಾದ ವೇಳೆಯಂತೆ ಅದು ಸ್ಯಾನ್ ಫ್ರಾನ್ಸಿಸ್ಕೊದಿಂದ 2021ರ ಜನವರಿ 9ರ ರಾತ್ರಿ 8:30ಕ್ಕೆ ಹೊರಟು ಬೆಂಗಳೂರಿಗೆ ಜನವರಿ 11ರ ನಸುಕಿನ 3:45ಕ್ಕೆ ಬರಬೇಕಿತ್ತು. ಎರಡು ತಾರೀಖುಗಳು ಉರುಳಿವೆ. ಆದರೆ ಚಳಿಗಾಲದಲ್ಲಿ ಆ ಊರು ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದಿದೆ. ವಿಮಾನ ಹೊರಟಾಗ ಬೆಂಗಳೂರಿನಲ್ಲಿ 10ನೆಯ ತಾರೀಖಿನ ಬೆಳಗಿನ 10 ಗಂಟೆ. ಅಲ್ಲಿಂದ ಎಣಿಸಿದರೆ 17 ಗಂಟೆ 45 ನಿಮಿಷ. ಒಂದು ಹಗಲು ರಾತ್ರಿಯೂ ಪೂರ್ತಿಯಾಗಿಲ್ಲ.

೬. ಊರಿನ ಹೆಸರಿನಲ್ಲಿರುವ ಲೆಕ್ಕ

ಪಾಠವನ್ನು ಮುಗಿಸಲು ವಾಸ್ಕೊ ಎಂಬ ಊರಿನ ಹೆಸರೇ ಒಂದು ಲೆಕ್ಕ ಒದಗಿಸುತ್ತದೆ. ವಾಸ್ಕೊ ಡ ಗಾಮ 1497ರ ಜುಲೈ 8ರಂದು ಲಿಸ್ಬನ್ನಿನಿಂದ ಹಡಗು ಬಿಟ್ಟು, ಆಫ್ರಿಕದ ತುದಿಯನ್ನು ಬಳಸಿ, 1498ರ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ತಿಂಗಳುಗಳನ್ನು ಎಣಿಸಿದರೆ 316 ದಿನ. ದಾಬೋಲಿಂನಿಂದ ಲಿಸ್ಬನ್ನಿಗೆ ಮಹಾವೃತ್ತದ ಹಾದಿಯಲ್ಲಿ ಸುಮಾರು 8,340 ಕಿಲೋಮೀಟರ್. ತರಗತಿಯ ನಿಯಮದಂತೆ ತಡೆಯಿಲ್ಲದೆ ಹಾರಿದರೆ ಸುಮಾರು ಹನ್ನೊಂದು ಗಂಟೆ. 316 ದಿನಗಳನ್ನು ಗಂಟೆಗೆ ಪರಿವರ್ತಿಸಿ ಹನ್ನೊಂದರಿಂದ ಭಾಗಿಸಲು ಮಕ್ಕಳಿಗೇ ಬಿಡಬೇಕು. ಆ ನಾವಿಕನಿಗೆ ಅಕ್ಷಾಂಶವನ್ನು ಸೂರ್ಯನ ಎತ್ತರದಿಂದ ಕಂಡುಕೊಳ್ಳಲು ಬರುತ್ತಿತ್ತು. ಸಮುದ್ರದ ನಡುವೆ ರೇಖಾಂಶವನ್ನು ಕಂಡುಕೊಳ್ಳುವ ಸಾಧನ ಇರಲಿಲ್ಲ, ಏಕೆಂದರೆ ಹಡಗಿನ ಓಲಾಟದಲ್ಲಿ ಸರಿಯಾಗಿ ನಡೆಯುವ ಗಡಿಯಾರ ಇರಲಿಲ್ಲ. ಅದು ಸಿದ್ಧವಾದುದು ಹದಿನೆಂಟನೆಯ ಶತಮಾನದಲ್ಲಿ, ಇಂಗ್ಲೆಂಡಿನ ಬಡಗಿಯ ಮಗನಾದ ಜಾನ್ ಹ್ಯಾರಿಸನ್ನನ ಕೈಯಿಂದ. ದೂರದ ಲೆಕ್ಕ ಕೊನೆಗೂ ಕಾಲದ ಲೆಕ್ಕವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬಡಗಿಗಳ, ಗೌಂಡಿಗಳ ಮಕ್ಕಳು ಕುಳಿತ ತರಗತಿಯಲ್ಲಿ ಈ ಮಾತನ್ನು ಹೇಳದೆ ಬಿಡಬಾರದು.

೭. ಭಾಷೆಯ ಮಾತು

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಗೋವಾದ ಕನ್ನಡ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಆಟದ ಬಯಲಿನಲ್ಲಿ ಕೊಂಕಣಿಯನ್ನೂ, ಪೇಟೆಯಲ್ಲಿ ಹಿಂದಿಯನ್ನೂ ಕಲಿಯುತ್ತಾರೆ. ಇದರಿಂದ ಕನ್ನಡದ ಪಾಠ ವ್ಯರ್ಥವೆಂದು ಕೆಲವು ಪಾಲಕರು ಭಾವಿಸುವುದುಂಟು. ಅವರಿಗೆ ಕೊಡಬೇಕಾದ ಉತ್ತರ ವಾದದಲ್ಲಿಲ್ಲ, ಈ ಪಾಠದಲ್ಲಿದೆ. ಬಿಗಿದ ದಾರವೇ ಹತ್ತಿರದ ಹಾದಿ ಎಂಬುದನ್ನು ಮಗು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿ ಕಂಡುಕೊಂಡಿತೋ ಆ ಭಾಷೆಯಲ್ಲಿ ಅದು ಬೇರೂರುತ್ತದೆ. ಮುಂದೆ ಮಹಾವೃತ್ತಕ್ಕೆ, ರೇಖಾಂಶಕ್ಕೆ, ಸರಾಸರಿ ವೇಗಕ್ಕೆ ಇನ್ನೊಂದು ಭಾಷೆಯ ಹೆಸರು ಬಂದಾಗ ಅದು ಕಲಿಯಬೇಕಾದುದು ಹೆಸರನ್ನು ಮಾತ್ರ. ಅರ್ಥವೇ ಇಲ್ಲದೆ ಹೆಸರನ್ನು ಮೊದಲು ಕಲಿತ ಮಗುವಿಗೆ ಹೆಸರೂ ಉಳಿಯದು, ಅರ್ಥವೂ ದೊರೆಯದು.

ಆದ್ದರಿಂದ ಪಾಠದ ಕೊನೆಗೆ ಪರೀಕ್ಷೆಯ ಬದಲು ಒಂದು ಕೆಲಸ ಕೊಡುವುದು ಮೇಲು. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಗೆ ಹೋಗಿ, ತಲೆಯ ಮೇಲೆ ಹಾರುವ ಒಂದು ವಿಮಾನವನ್ನು ತೋರಿಸಿ, ಅದು ದುಬೈಗೋ ದೆಹಲಿಗೋ ಲಂಡನ್ನಿಗೋ ಹೋಗುವುದಾದರೆ ಎಷ್ಟು ದೂರ, ಎಷ್ಟು ಹೊತ್ತು, ತಲುಪಿದಾಗ ಅಲ್ಲಿ ಎಷ್ಟು ಗಂಟೆ ಎಂದು ತನ್ನ ಅವ್ವನಿಗೋ ಅಪ್ಪನಿಗೋ ಕನ್ನಡದಲ್ಲಿ ವಿವರಿಸಿ ಬರಬೇಕು. ಮರುದಿನ ಅವರು ಕೇಳಿದ ಪ್ರಶ್ನೆಯೊಂದನ್ನು ತರಗತಿಗೆ ತರಬೇಕು. ಇಡೀ ದಿನ ಇಟ್ಟಿಗೆ ಹೊತ್ತು ಬಂದ ಅಪ್ಪ "ಅಲ್ಲಿ ಈಗ ಹಗಲೋ ರಾತ್ರಿಯೋ" ಎಂದು ಕೇಳಿ, ಮಗಳು ಬೆರಳು ಮಡಚಿ ಎಣಿಸಿ ಉತ್ತರ ಹೇಳಿದ ಆ ಗಳಿಗೆಯಲ್ಲಿ, ತಲೆಯ ಮೇಲಿನ ವಿಮಾನ ಆ ಮನೆಗೂ ಸಂಬಂಧಿಸಿದ್ದಾಗುತ್ತದೆ.